ತುಂಗಭದ್ರೆಯ ಎಡದಂಡೆಯ ನೀರು

ಗಂಗಾವತಿಯ ಸೀಮೆಗೆ ಕಾಲುವೆಯೆಂಬುದು ನೂತನ ವಸ್ತುವಲ್ಲ. ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಕಲ್ಲಿನ ಆಣೆಕಟ್ಟುಗಳನ್ನು ಹಾಕಿ ತಿರುಗಿಸಿದ ನೀರು ಆನೆಗೊಂದಿಯ ಗದ್ದೆಗಳಿಗೆ ಇಂದಿಗೂ ಹರಿಯುತ್ತಿರುವುದು. ಆ ಕಟ್ಟೆಗಳು ಹೊಳೆಯನ್ನು ಬಂಧಿಸುವುವಲ್ಲ. ಹೆಚ್ಚಿದ ನೀರು ಕಲ್ಲುಗಳ ಮೇಲೆಯೇ ಉಕ್ಕಿ ಮುಂದೆ ಸಾಗುವುದು.

1945ರಲ್ಲಿ ಮದರಾಸು, ಹೈದರಾಬಾದು ಸರಕಾರಗಳು ಕೂಡಿ ಆರಂಭಿಸಿದ ಜಲಾಶಯವಾದರೋ ಬೇರೆಯೇ ಜಾತಿಯದು. 33 ಉಕ್ಕಿನ ಬಾಗಿಲುಗಳು, ಅವುಗಳನ್ನೆತ್ತುವ ಸರಪಳಿಗಳು. ಮುನಿರಾಬಾದಿನಿಂದ ರಾಯಚೂರಿನ ಕಡೆಗೆ 227 ಕಿಲೋಮೀಟರು ಎಡದಂಡೆ ಕಾಲುವೆ. 1953ರಲ್ಲಿ ನೀರು ಹರಿಯಿತು. ಜೋಳ, ಹತ್ತಿ ಮೊದಲಾದ ಅಲ್ಪಜಲದ ಪೈರುಗಳನ್ನು ಬರದಿಂದ ಕಾಯಬೇಕೆಂಬುದೇ ಯೋಜಕರ ಮುಖ್ಯ ಅಭಿಪ್ರಾಯವಾಗಿದ್ದಿತು. ಆದರೆ ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳನ್ನು ಕಟ್ಟಿ ನೆಲಸಿದ ರೈತರು ಭತ್ತವನ್ನು ಬಲ್ಲವರು. ಅವರ ಶ್ರಮವು ಶ್ಲಾಘ್ಯವೇ ಸರಿ. ಅವರನ್ನು ನೋಡಿ ಸ್ಥಳಿಕರೂ ಭತ್ತಕ್ಕೆ ತಿರುಗಲು, ಗಂಗಾವತಿಯು ಭತ್ತದ ಕಣಜವೆನಿಸಿತು. ಅದರ ಬೆಲೆಯನ್ನು ತೆತ್ತವರು ಕಾಲುವೆಯ ತುದಿಯವರು. ಮಾನ್ವಿ, ರಾಯಚೂರುಗಳ ಕಡೆಯ ಹೊಲಗಳು ತಮ್ಮ ಪಾಲಿನ ನೀರನ್ನು ಕಾಣದಾದುವು. ಮೇಲ್ಭಾಗದಲ್ಲಿ ಅದೇ ನೀರು ಅತಿಯಾಗಿ ನಿಂತು ಎಷ್ಟೋ ಭೂಮಿ ಸವಳು-ಜವಳಾಯಿತು. ತೂಬಿಗೆ ಇದರ ದೋಷವನ್ನು ಹೊರಿಸುವುದು ನ್ಯಾಯವಲ್ಲ. ಕುಷ್ಟಗಿ ಯಲಬುರ್ಗಿಗಳೋ ಬಹುಮಟ್ಟಿಗೆ ಮಳೆಯನ್ನೇ ನಂಬಿ ಉಳಿದುವು.

2024ರ ಆಗಸ್ಟ್ 10ರ ರಾತ್ರಿ 19ನೆಯ ಬಾಗಿಲಿನ ಸರಪಳಿ ಹರಿದು ಬಾಗಿಲೇ ಕೊಚ್ಚಿಹೋಯಿತು. ತುಂಬಿದ ಜಲಾಶಯವು ಕಣ್ಣೆದುರಿಗೇ ಬರಿದಾಗತೊಡಗಿತು. ಕನ್ನಯ್ಯ ನಾಯ್ಡು ಎಂಬ ವೃದ್ಧ ತಜ್ಞರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿವ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನಿಳಿಸಿ, ಒಂದು ವಾರದೊಳಗೆ ಆ ಕಂಡಿಯನ್ನು ಮುಚ್ಚಿದರು.