ಮಸಲ್ ಕಾರುಗಳ ಎಂಜಿನ್ ಪ್ರಾರಂಭ

ಮಸಲ್ ಕಾರುಗಳ ಎಂಜಿನ್ ಪ್ರಾರಂಭವೆಂದರೆ 1960 ಮತ್ತು 1970ರ ದಶಕಗಳಲ್ಲಿ ಅಮೆರಿಕದಲ್ಲಿ ತಯಾರಾದ, ದೊಡ್ಡ ವಿ-8 ಎಂಜಿನ್ನಿನ ಕಾರುಗಳನ್ನು ಚಾಲೂ ಮಾಡುವ ಕ್ರಮ ಮತ್ತು ಅದಕ್ಕೆ ನೆರವಾಗುವ ವಿದ್ಯುತ್, ಕಿಡಿ ಹಾಗೂ ಇಂಧನ ವ್ಯವಸ್ಥೆಗಳು. ಈ ಕಾರುಗಳಲ್ಲಿ ಕಂಪ್ಯೂಟರ್ ನಿಯಂತ್ರಣವಾಗಲಿ ಇಂಧನ ಇಂಜೆಕ್ಷನ್ ಆಗಲಿ ಸಾಮಾನ್ಯವಾಗಿ ಇರಲಿಲ್ಲ. ಆದ್ದರಿಂದ ಕೀಲಿ ತಿರುಗಿಸಿದ ಕೂಡಲೇ ಎಂಜಿನ್ ಹೊತ್ತಿಕೊಳ್ಳುವುದು ಬ್ಯಾಟರಿ, ಸ್ಟಾರ್ಟರ್ ಮೋಟಾರು, ಕಾರ್ಬ್ಯುರೇಟರ್ ಮತ್ತು ಡಿಸ್ಟ್ರಿಬ್ಯೂಟರ್‌ಗಳ ಸುಸ್ಥಿತಿಯನ್ನು ಅವಲಂಬಿಸಿದೆ. ವಾರಗಟ್ಟಲೆ ನಿಂತಿದ್ದ ಕಾರು ತಡವಾಗಿ ಚಾಲೂ ಆಗುವುದು ಮತ್ತು ಬಿಸಿಯಾದ ಕಾರು ಮತ್ತೆ ಚಾಲೂ ಆಗದಿರುವುದು ಇವುಗಳ ಮಾಲೀಕರು ಎದುರಿಸುವ ಎರಡು ಮುಖ್ಯ ತೊಂದರೆಗಳು. ಎರಡಕ್ಕೂ ಕಾರಣಗಳು ಬೇರೆ, ಪರಿಹಾರಗಳೂ ಬೇರೆ.

ಹಿನ್ನೆಲೆ

ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಕಾರಿನ ಎಂಜಿನ್ ಅಳವಡಿಸುವುದು ಮಸಲ್ ಕಾರಿನ ಮೂಲ ಕಲ್ಪನೆ. 1964ರಲ್ಲಿ ಬಂದ ಪಾಂಟಿಯಾಕ್ ಜಿಟಿಒ ಈ ವರ್ಗವನ್ನು ಜನಪ್ರಿಯಗೊಳಿಸಿತು. ಅದರಲ್ಲಿ 389 ಘನ ಅಂಗುಲದ, ಅಂದರೆ ಸುಮಾರು 6.4 ಲೀಟರ್ ಸಾಮರ್ಥ್ಯದ ಎಂಜಿನ್ ಇತ್ತು. ಅನಂತರ ಕ್ರೈಸ್ಲರ್ ಸಂಸ್ಥೆಯ 426 ಘನ ಅಂಗುಲದ ಹೆಮಿ ಎಂಜಿನ್ 1966ರಲ್ಲಿ ಸಾಮಾನ್ಯ ರಸ್ತೆಯ ಕಾರುಗಳಿಗೂ ದೊರೆಯಿತು. 1970ರ ಶೆವ್ರೊಲೆ ಶೆವೆಲ್ ಎಸ್ಎಸ್ ಕಾರಿನಲ್ಲಿ ಎಂಜಿನ್ ಗಾತ್ರ 454 ಘನ ಅಂಗುಲಕ್ಕೆ ಏರಿತು. ವಿಮಾ ಕಂತಿನ ಏರಿಕೆ, 1970ರ ವಾಯು ಶುದ್ಧತೆಯ ಕಾಯಿದೆ ಮತ್ತು 1973ರ ತೈಲ ಬಿಕ್ಕಟ್ಟು ಈ ಕಾರುಗಳ ಯುಗವನ್ನು ಕೊನೆಗೊಳಿಸಿದವು.

ವಿದ್ಯುತ್ತಿನಿಂದ ಎಂಜಿನ್ ಚಾಲೂ ಮಾಡುವ ವ್ಯವಸ್ಥೆ ಇದಕ್ಕಿಂತ ಬಹಳ ಹಳೆಯದು. ಆರಂಭದ ಕಾರುಗಳನ್ನು ಮುಂಭಾಗದಲ್ಲಿ ಹ್ಯಾಂಡಲ್ ಸಿಕ್ಕಿಸಿ ಕೈಯಿಂದ ತಿರುಗಿಸಬೇಕಿತ್ತು. ಎಂಜಿನ್ ಹಿಮ್ಮುಖವಾಗಿ ಒದ್ದಾಗ ಕೈ ಮುರಿಯುವ ಅಪಾಯವಿತ್ತು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ಬಂದಿತು. ಬ್ಯಾಟರಿ, ಕಾಯಿಲ್ ಮತ್ತು ಪಾಯಿಂಟುಗಳಿಂದ ಕಿಡಿ ಹುಟ್ಟಿಸುವ ಪದ್ಧತಿಗೂ ಅವರ ಹೆಸರೇ ನಿಂತಿದೆ. ಸುಮಾರು ಆರು ದಶಕಗಳ ಅನಂತರದ ಮಸಲ್ ಕಾರುಗಳಲ್ಲಿಯೂ ಮೂಲತಃ ಇದೇ ಪದ್ಧತಿ ಬಳಕೆಯಲ್ಲಿತ್ತು.

ಕಾರ್ಯವಿಧಾನ

ಎಂಜಿನ್ ಚಾಲೂ ಆಗಲು ಮೂರು ಸಂಗತಿಗಳು ಒಟ್ಟಿಗೆ ಕೂಡಿಬರಬೇಕು: ಸಾಕಷ್ಟು ವೇಗದ ತಿರುಗುವಿಕೆ, ಸರಿಯಾದ ಕ್ಷಣದಲ್ಲಿ ಬಲವಾದ ಕಿಡಿ, ಮತ್ತು ಹದವಾದ ಪೆಟ್ರೋಲ್-ಗಾಳಿಯ ಮಿಶ್ರಣ. ಕೀಲಿ ತಿರುಗಿಸಿದಾಗ ಸೊಲೆನಾಯ್ಡ್ ಎಂಬ ವಿದ್ಯುತ್ಕಾಂತೀಯ ಸ್ವಿಚ್ಚು ಬ್ಯಾಟರಿಯನ್ನು ಸ್ಟಾರ್ಟರ್ ಮೋಟಾರಿಗೆ ಜೋಡಿಸುತ್ತದೆ. ಮೋಟಾರಿನ ಸಣ್ಣ ಹಲ್ಲುಚಕ್ರವು ಫ್ಲೈವೀಲ್ ಅಂಚಿನ ಹಲ್ಲುಗಳನ್ನು ಹಿಡಿದು ಎಂಜಿನ್ನನ್ನು ನಿಮಿಷಕ್ಕೆ ಸುಮಾರು 200 ಸುತ್ತು ತಿರುಗಿಸುತ್ತದೆ. ಈ ಕಾರುಗಳಲ್ಲಿ ಸಂಪೀಡನ ಅನುಪಾತ 10:1 ಅಥವಾ ಅದಕ್ಕಿಂತ ಹೆಚ್ಚಿರುವುದು ಸಾಮಾನ್ಯ. ಹೀಗಾಗಿ ಪಿಸ್ಟನ್ನುಗಳನ್ನು ಮೇಲಕ್ಕೆ ತಳ್ಳಲು ಹೆಚ್ಚು ಬಲ ಬೇಕು.

ಚಳಿಯಲ್ಲಿ ಪೆಟ್ರೋಲ್ ಸುಲಭವಾಗಿ ಆವಿಯಾಗುವುದಿಲ್ಲ. ಆಗ ಚೋಕ್ ಎಂಬ ತಗಡು ಗಾಳಿಯ ದಾರಿಯನ್ನು ಕಿರಿದುಗೊಳಿಸಿ ಮಿಶ್ರಣದಲ್ಲಿ ಪೆಟ್ರೋಲಿನ ಪಾಲನ್ನು ಹೆಚ್ಚಿಸುತ್ತದೆ. ಮಸಲ್ ಕಾರುಗಳಲ್ಲಿ ಸಾಮಾನ್ಯವಾಗಿ ಚೋಕ್ ಸ್ವಯಂಚಾಲಿತ. ಎರಡು ಲೋಹಗಳನ್ನು ಬೆಸೆದ ಸುರುಳಿಯು ತಣ್ಣಗಿದ್ದಾಗ ಚೋಕನ್ನು ಮುಚ್ಚಿ, ಬಿಸಿಯಾದಂತೆ ತೆರೆಯುತ್ತದೆ. ಆದರೆ ಚಾಲಕ ಮೊದಲು ಆಕ್ಸಿಲರೇಟರನ್ನು ಒಮ್ಮೆ ಪೂರ್ತಿ ಒತ್ತಿ ಬಿಟ್ಟಾಗ ಮಾತ್ರ ಚೋಕ್ ಮುಚ್ಚುತ್ತದೆ. ಅದೇ ಒತ್ತಿನಿಂದ ಪಂಪು ಸ್ವಲ್ಪ ಪೆಟ್ರೋಲನ್ನು ಒಳಗೆ ಚಿಮ್ಮುತ್ತದೆ. ಹೊಸ ಕಾರುಗಳಿಗೆ ಒಗ್ಗಿದವರು ಈ ಹೆಜ್ಜೆಯನ್ನು ಬಿಟ್ಟುಬಿಡುವುದೇ ಎಷ್ಟೋ ಸಲ ತಡಕ್ಕೆ ಕಾರಣ. ಭಾರತದ ಹಳೆಯ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಚಾಲಕರು ಕೈಯಿಂದ ಎಳೆಯುತ್ತಿದ್ದ ಚೋಕ್ ಗುಬುಟು ಇದೇ ಕೆಲಸವನ್ನು ಮಾಡುತ್ತಿತ್ತು.

ತಣ್ಣನೆಯ ಎಂಜಿನ್ನಿನ ತೊಂದರೆಗಳು

ಕೆಲವು ವಾರ ನಿಂತ ಕಾರಿನಲ್ಲಿ ಮೊದಲ ಅಡ್ಡಿ ಕಾರ್ಬ್ಯುರೇಟರ್ ಬಟ್ಟಲಿನ ಬರಿದಾಗುವಿಕೆ. ಬಟ್ಟಲಿನಲ್ಲಿ ಉಳಿದ ಪೆಟ್ರೋಲ್ ಆವಿಯಾಗಿ ಹೋಗಿರುತ್ತದೆ. ರಾಚೆಸ್ಟರ್ ಕ್ವಾಡ್ರಾಜೆಟ್ ಮಾದರಿಯ ಕೆಲವು ಕಾರ್ಬ್ಯುರೇಟರುಗಳಲ್ಲಿ ತಳದ ಬಿರಡೆಗಳಿಂದ ಪೆಟ್ರೋಲ್ ಸೋರುವುದೂ ಉಂಟು. ಇಂಧನ ಪಂಪು ಎಂಜಿನ್ನಿನ ಕ್ಯಾಮ್ ದಂಡದಿಂದಲೇ ನಡೆಯುವ ಕಾರಣ, ಎಂಜಿನ್ ತಿರುಗದೆ ಪೆಟ್ರೋಲ್ ಬರದು, ಪೆಟ್ರೋಲ್ ಬಾರದೆ ಎಂಜಿನ್ ಹೊತ್ತದು. ಬಟ್ಟಲು ತುಂಬುವವರೆಗೆ ಸ್ಟಾರ್ಟರ್ ದುಡಿಯಬೇಕಾಗುತ್ತದೆ, ಬ್ಯಾಟರಿ ಬಳಲುತ್ತದೆ.

ಎರಡನೆಯ ಕಾರಣ ವಿದ್ಯುತ್ತಿನದು. ಪೂರ್ತಿ ತುಂಬಿದ 12 ವೋಲ್ಟ್ ಬ್ಯಾಟರಿಯ ತುದಿಗಳಲ್ಲಿ ಸುಮಾರು 12.6 ವೋಲ್ಟ್ ಇರುತ್ತದೆ. 12.2ಕ್ಕೆ ಇಳಿದರೆ ಅದು ಅರ್ಧ ಬರಿದಾಗಿದೆಯೆಂದು ಅರ್ಥ. ಎಂಜಿನ್ ತಿರುಗುವಾಗ ಅದು 9.6 ವೋಲ್ಟಿಗಿಂತ ಕೆಳಗಿಳಿಯಬಾರದು. ಬ್ಯಾಟರಿ ಒಳ್ಳೆಯದಿದ್ದರೂ ತುಕ್ಕು ಹಿಡಿದ ತುದಿಗಳು, ಸವೆದ ತಂತಿಗಳು ಮತ್ತು ಬಣ್ಣ ಬಳಿದ ಲೋಹದ ಮೇಲೆ ಕೂರಿಸಿದ ಭೂಸಂಪರ್ಕದ ತಂತಿ ದಾರಿಯಲ್ಲಿಯೇ ಶಕ್ತಿಯನ್ನು ನುಂಗುತ್ತವೆ. ಹೊಸದಾಗಿ ಬಣ್ಣ ಬಳಿದು ನವೀಕರಿಸಿದ ಕಾರುಗಳಲ್ಲಿ ಈ ಕೊನೆಯ ದೋಷ ಹೆಚ್ಚು.

ಮೂರನೆಯದು ಕಿಡಿ. ಪಾಯಿಂಟುಗಳು ಸುಟ್ಟಿದ್ದರೆ ಅಥವಾ ಅವುಗಳ ನಡುವಿನ ಅಂತರ ತಪ್ಪಿದ್ದರೆ ಕಿಡಿ ದುರ್ಬಲವಾಗುತ್ತದೆ. ಶೆವ್ರೊಲೆ ವಿ-8ಗಳಲ್ಲಿ ಬಳಸಿದ ಪಾಯಿಂಟುಗಳ ಅಂತರ ಸುಮಾರು 0.4 ಮಿ.ಮೀ., ಮುಚ್ಚಿಕೊಂಡಿರುವ ಕೋನ ಸುಮಾರು 30 ಡಿಗ್ರಿ. ಪಾಯಿಂಟುಗಳು ಬೇಗ ಸುಡದಂತೆ, ಎಂಜಿನ್ ಓಡುವಾಗ ಕಾಯಿಲಿಗೆ ಹೋಗುವ ವೋಲ್ಟೇಜನ್ನು ಒಂದು ರೋಧಕ ತಗ್ಗಿಸುತ್ತದೆ. ಚಾಲೂ ಮಾಡುವಾಗ ಮಾತ್ರ ಬೇರೊಂದು ತಂತಿ ಪೂರ್ಣ ವೋಲ್ಟೇಜನ್ನು ಒದಗಿಸುತ್ತದೆ. ಎಂಜಿನ್ ತಿರುಗುತ್ತಿರುವಾಗ ಹೊತ್ತದೆ, ಕೀಲಿ ಬಿಟ್ಟ ಕ್ಷಣದಲ್ಲಿ ಹೊತ್ತಿದರೆ ಈ ತಂತಿ ತುಂಡಾಗಿರುವ ಸಾಧ್ಯತೆ ಹೆಚ್ಚು. ಇದಕ್ಕೆ ವಿರುದ್ಧವಾಗಿ, ಹೊತ್ತಿದ ಎಂಜಿನ್ ಕೀಲಿ ಬಿಟ್ಟೊಡನೆ ನಿಂತರೆ ರೋಧಕ ಸುಟ್ಟಿರಬಹುದು.

ಬಿಸಿ ಎಂಜಿನ್ನಿನ ತೊಂದರೆಗಳು

ದೂರ ಓಡಿದ ಕಾರನ್ನು ನಿಲ್ಲಿಸಿದಾಗ ಗಾಳಿಯ ಹರಿವು, ನೀರಿನ ಹರಿವು ಎರಡೂ ನಿಲ್ಲುತ್ತವೆ. ಎಂಜಿನ್ನಿನ ಶಾಖ ಸುತ್ತಲಿನ ಭಾಗಗಳಿಗೆ ಏರುತ್ತದೆ. ಹತ್ತು ಇಪ್ಪತ್ತು ನಿಮಿಷಗಳ ಅನಂತರ ಮತ್ತೆ ಚಾಲೂ ಮಾಡಲು ಹೊರಟಾಗ ತೊಂದರೆ ಕಾಣಿಸುತ್ತದೆ. ಜನರಲ್ ಮೋಟಾರ್ಸ್ ಕಾರುಗಳಲ್ಲಿ ಸೊಲೆನಾಯ್ಡ್ ಸ್ಟಾರ್ಟರಿನ ಮೇಲೆಯೇ, ಹೊಗೆಕೊಳವೆಯ ಸಮೀಪದಲ್ಲಿ ಇರುತ್ತದೆ. ತಾಮ್ರದ ಸುರುಳಿ ಬಿಸಿಯಾದಂತೆ ಅದರ ರೋಧ ಹೆಚ್ಚಿ ಎಳೆಯುವ ಬಲ ಕುಗ್ಗುತ್ತದೆ. ಆಗ 'ಟಕ್' ಎಂಬ ಸದ್ದು ಮಾತ್ರ ಕೇಳುತ್ತದೆ, ಇಲ್ಲವೇ ಎಂಜಿನ್ ತೀರ ನಿಧಾನವಾಗಿ ತಿರುಗುತ್ತದೆ. ಫೋರ್ಡ್ ಕಾರುಗಳಲ್ಲಿ ಸೊಲೆನಾಯ್ಡ್ ಮಡ್‌ಗಾರ್ಡಿನ ಒಳಬದಿಯಲ್ಲಿ, ಶಾಖದಿಂದ ದೂರದಲ್ಲಿ ಇರುವುದರಿಂದ ಈ ತೊಂದರೆ ಕಡಿಮೆ.

ಶಾಖದಿಂದ ಕಾರ್ಬ್ಯುರೇಟರಿನ ಪೆಟ್ರೋಲ್ ಕುದಿದು ಒಳಕ್ಕೆ ತೊಟ್ಟಿಕ್ಕಿದರೆ ಎಂಜಿನ್ನಿಗೆ ಪೆಟ್ರೋಲ್ ಅತಿಯಾಗುತ್ತದೆ. ಆಗ ಆಕ್ಸಿಲರೇಟರನ್ನು ಪದೇ ಪದೇ ಒತ್ತಬಾರದು. ಪೂರ್ತಿ ಒತ್ತಿ ಹಾಗೆಯೇ ಹಿಡಿದು ಎಂಜಿನ್ ತಿರುಗಿಸಬೇಕು. ಇದರಿಂದ ಚೋಕ್ ತೆರೆದು ಗಾಳಿ ಹೆಚ್ಚಾಗಿ ನುಗ್ಗುತ್ತದೆ. ಪೆಟ್ರೋಲ್ ಕೊಳವೆಯಲ್ಲಿ ಆವಿ ತುಂಬಿ ಹರಿವು ಕಡಿಯುವುದು ಇನ್ನೊಂದು ತೊಂದರೆ. ಎಥನಾಲ್ ಬೆರೆತ ಇಂದಿನ ಪೆಟ್ರೋಲ್ ಇದನ್ನು ಹೆಚ್ಚಿಸುತ್ತದೆ. ಅಂದಿನ ರಬ್ಬರ್ ಕೊಳವೆಗಳನ್ನೂ ಅದು ಕೆಡಿಸುತ್ತದೆ.

ಸುಧಾರಣಾ ಕ್ರಮಗಳು

ಕಡಿಮೆ ವೆಚ್ಚದ ಕ್ರಮಗಳಿಂದ ತೊಡಗುವುದು ವಾಡಿಕೆ. ಬ್ಯಾಟರಿಯ ಪರೀಕ್ಷೆ, ತುದಿಗಳ ಶುಚಿ, ದಪ್ಪ ತಾಮ್ರದ ತಂತಿಗಳ ಅಳವಡಿಕೆ, ಪಾಯಿಂಟು ಮತ್ತು ಚೋಕ್‌ಗಳ ಹೊಂದಾಣಿಕೆ ಇವುಗಳಿಂದಲೇ ಎಷ್ಟೋ ಕಾರುಗಳು ಸರಿಹೋಗುತ್ತವೆ. ಕಾರು ನಿಂತಿರುವ ಅವಧಿಯಲ್ಲಿ ಬ್ಯಾಟರಿಗೆ ಸಣ್ಣ ಪ್ರಮಾಣದ ಚಾರ್ಜರ್ ಜೋಡಿಸುವುದೂ ಉಂಟು. ಕಿಡಿಯ ಸಮಯ ಅತಿಯಾಗಿ ಮುಂದಿದ್ದರೆ ಪಿಸ್ಟನ್ ಮೇಲೇರುವ ಮೊದಲೇ ಮಿಶ್ರಣ ಹೊತ್ತಿ ಸ್ಟಾರ್ಟರನ್ನು ಹಿಂದಕ್ಕೆ ಒದೆಯುತ್ತದೆ. ಆದ್ದರಿಂದ ಅದನ್ನು ಟೈಮಿಂಗ್ ದೀಪದಿಂದ ಪರೀಕ್ಷಿಸಬೇಕು.

ಮುಂದಿನ ಹಂತದಲ್ಲಿ ಭಾಗಗಳ ಬದಲಾವಣೆ ಬರುತ್ತದೆ. ಗೇರುಗಳಿಂದ ಬಲವನ್ನು ಹೆಚ್ಚಿಸುವ ಸಣ್ಣ ಸ್ಟಾರ್ಟರ್ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಬಲವಾಗಿ ತಿರುಗಿಸುತ್ತದೆ ಮತ್ತು ಹೊಗೆಕೊಳವೆಯಿಂದ ದೂರ ಉಳಿಯುತ್ತದೆ. ಈ ತತ್ತ್ವ ಹೊಸದಲ್ಲ. ಕ್ರೈಸ್ಲರ್ 1960ರ ದಶಕದ ಆರಂಭದಲ್ಲಿಯೇ ಗೇರಿನ ಸ್ಟಾರ್ಟರನ್ನು ಬಳಕೆಗೆ ತಂದಿತ್ತು. ಪಾಯಿಂಟುಗಳ ಬದಲು ಎಲೆಕ್ಟ್ರಾನಿಕ್ ಕಿಡಿ ವ್ಯವಸ್ಥೆಯನ್ನು ಅಳವಡಿಸಬಹುದು. ಕ್ರೈಸ್ಲರ್ 1973ರಲ್ಲಿ, ಜನರಲ್ ಮೋಟಾರ್ಸ್ 1975ರಲ್ಲಿ ತಮ್ಮ ಕಾರುಗಳಿಗೆ ಇಂಥ ವ್ಯವಸ್ಥೆಯನ್ನು ಸಾಮಾನ್ಯವಾಗಿಸಿದವು. ಪೂರ್ಣ 12 ವೋಲ್ಟ್ ಬೇಡುವ ಇಂಥ ಸಾಧನವನ್ನು ಹಳೆಯ ರೋಧಕ ತಂತಿಗೇ ಜೋಡಿಸಿದರೆ ಕಿಡಿ ಮೊದಲಿಗಿಂತ ದುರ್ಬಲವಾಗಬಹುದು. ವಿದ್ಯುತ್ ಇಂಧನ ಪಂಪು ಬಟ್ಟಲನ್ನು ಕೆಲವೇ ಸೆಕೆಂಡುಗಳಲ್ಲಿ ತುಂಬುತ್ತದೆ. ಕಾರ್ಬ್ಯುರೇಟರಿನ ಕೆಳಗೆ ಶಾಖ ತಡೆಯುವ ಬಿಲ್ಲೆ, ಸ್ಟಾರ್ಟರಿಗೆ ಶಾಖದ ಮರೆ, ಟ್ಯಾಂಕಿಗೆ ಮರಳುವ ಪೆಟ್ರೋಲ್ ಕೊಳವೆ ಇವು ಬಿಸಿ ಎಂಜಿನ್ನಿನ ತೊಂದರೆಗೆ ಪರಿಹಾರಗಳು.

ಸುರಕ್ಷತೆ

ಬೇಗ ಚಾಲೂ ಮಾಡುವ ಆತುರದಲ್ಲಿ ಕಾರ್ಬ್ಯುರೇಟರಿನ ಬಾಯಿಗೆ ನೇರವಾಗಿ ಪೆಟ್ರೋಲ್ ಸುರಿಯುವುದು ಅಪಾಯಕಾರಿ. ಎಂಜಿನ್ ಹಿಮ್ಮುಖವಾಗಿ ಸಿಡಿದರೆ ಜ್ವಾಲೆ ಕಾರ್ಬ್ಯುರೇಟರಿನಿಂದ ಮೇಲಕ್ಕೆ ಬಂದು ಕೈಯಲ್ಲಿರುವ ಡಬ್ಬಿಗೂ ತಗಲುತ್ತದೆ. ಗಾಳಿ ಶೋಧಕವನ್ನು ಅದರ ಸ್ಥಾನದಲ್ಲಿಯೇ ಕೂರಿಸಿರುವುದು ಇಂಥ ಜ್ವಾಲೆಯನ್ನು ತಡೆಯಲು ನೆರವಾಗುತ್ತದೆ. ವಿದ್ಯುತ್ ಇಂಧನ ಪಂಪು ಅಳವಡಿಸಿದಾಗ, ಅಪಘಾತವಾಗಿ ಎಂಜಿನ್ ನಿಂತರೆ ಪಂಪೂ ನಿಲ್ಲುವಂತೆ ರಕ್ಷಣಾ ಸ್ವಿಚ್ಚು ಇರಬೇಕು. ಇಲ್ಲದಿದ್ದರೆ ಒಡೆದ ಕೊಳವೆಯಿಂದ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಿದರೆ ಬಣ್ಣ ವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ತುಂಬಿ ಪ್ರಾಣಕ್ಕೆ ಎರವಾಗಬಹುದು. ಸ್ಟಾರ್ಟರನ್ನು ಒಂದೇ ಸಲಕ್ಕೆ 10ರಿಂದ 15 ಸೆಕೆಂಡಿಗಿಂತ ಹೆಚ್ಚು ತಿರುಗಿಸದೆ, ನಡುವೆ ಆರಲು ಬಿಡಬೇಕು.

ಮೂಲಸ್ವರೂಪದ ಪ್ರಶ್ನೆ

ಮಸಲ್ ಕಾರುಗಳ ಮೌಲ್ಯ ಅವುಗಳ ಮೂಲಸ್ವರೂಪವನ್ನು ಬಹುಮಟ್ಟಿಗೆ ಅವಲಂಬಿಸಿದೆ. ಪ್ರದರ್ಶನಗಳ ತೀರ್ಪುಗಾರರು ಕಾರ್ಬ್ಯುರೇಟರಿನ ಸಂಖ್ಯೆ ಮತ್ತು ಭಾಗಗಳ ತಯಾರಿಕೆಯ ದಿನಾಂಕಗಳನ್ನೂ ಪರಿಶೀಲಿಸುತ್ತಾರೆ. ಕಾರ್ಬ್ಯುರೇಟರನ್ನು ತೆಗೆದು ಇಂಧನ ಇಂಜೆಕ್ಷನ್ ಅಳವಡಿಸಿದರೆ ಎಂಜಿನ್ ಇಂದಿನ ಕಾರುಗಳಂತೆ ಬೇಗ ಹೊತ್ತಿಕೊಳ್ಳುತ್ತದೆ, ಆದರೆ ಕಾರಿನ ಐತಿಹಾಸಿಕ ಸ್ವರೂಪ ಬದಲಾಗುತ್ತದೆ. ಓಡಿಸದೆ ನಿಲ್ಲಿಸಿದ ಕಾರು ತಾನಾಗಿಯೇ ಕೆಡುತ್ತದೆ ಎಂಬುದು ಬದಲಾವಣೆಯನ್ನು ಒಪ್ಪುವವರ ವಾದ. ಹೀಗಾಗಿ ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ಅಡಗುವ ಎಲೆಕ್ಟ್ರಾನಿಕ್ ಕಿಡಿ ಸಾಧನದಂಥ, ಹೊರಗೆ ಕಾಣದ ಹಾಗೂ ಬೇಕೆಂದಾಗ ಮತ್ತೆ ತೆಗೆಯಬಹುದಾದ ಮಾರ್ಪಾಡುಗಳನ್ನು ಅನೇಕ ಮಾಲೀಕರು ಆರಿಸಿಕೊಳ್ಳುತ್ತಾರೆ. ಅವರು ತೆಗೆದ ಮೂಲ ಭಾಗಗಳನ್ನು ಕಾರಿನೊಂದಿಗೆ ಜೋಪಾನವಾಗಿ ಇರಿಸುತ್ತಾರೆ.