ಅಲ್ಲಿ ಹೇಳಬೇಕು, ಇಲ್ಲಿ ಹೇಳಬಾರದು

1980ರ ಏಪ್ರಿಲ್‌ನಲ್ಲಿ ಫಿಡೆಲ್ ಕ್ಯಾಸ್ಟ್ರೊ ಕ್ಯೂಬಾದ ಮರಿಯೆಲ್ ಬಂದರು ತೆರೆದು, ಹೋಗೋರೆಲ್ಲ ಹೋಗಿ ಅಂದುಬಿಟ್ಟ. ಅಕ್ಟೋಬರ್ ಹೊತ್ತಿಗೆ ಸುಮಾರು 1,25,000 ಜನ ದೋಣಿ ಹತ್ತಿ ಅಮೆರಿಕದ ಫ್ಲಾರಿಡಾ ಸೇರಿದ್ದರು. ಸರ್ಕಾರಕ್ಕೆ ಬೇಡವಾದವರಿಗೆ ಪರವಾನಗಿ ಸಲೀಸು. ಹಾಗಾಗಿ ಪೊಲೀಸ್ ಠಾಣೆಗೆ ಹೋಗಿ ತಾನು ಸಲಿಂಗಕಾಮಿ ಅಂತ ತಾವಾಗಿಯೇ ಹೇಳಿಕೊಂಡವರೂ ಇದ್ದರು. ನಿಜಕ್ಕೂ ಆಗಿದ್ದವರು, ಆಗಿರದವರು, ಇಬ್ಬರೂ!

ತಮಾಷೆ ಅಂದರೆ (ತಮಾಷೆ ಅನ್ನಬಹುದೋ ಇಲ್ಲವೋ), ಆಗಿನ ಅಮೆರಿಕದ ವಲಸೆ ಕಾಯ್ದೆ ಸಲಿಂಗಕಾಮಿಗಳನ್ನು ಒಳಗೆ ಬಿಡಬಾರದು ಅನ್ನುತ್ತಿತ್ತು. ಸೆಪ್ಟೆಂಬರ್‌ನಲ್ಲಿ ಅಲ್ಲಿನ ನ್ಯಾಯ ಇಲಾಖೆ ಒಂದು ಉಪಾಯ ಹುಡುಕಿತು. ಅಧಿಕಾರಿಗಳು ಕೇಳಕೂಡದು. ಬಂದವನೇ ಬಾಯಿಬಿಟ್ಟರೆ ಎರಡನೇ ಸಲ ವಿಚಾರಣೆ, ಅಲ್ಲೂ ಹೌದು ಅಂದರೆ ಬಾಗಿಲು ಬಂದ್.

ಹಾಗೆ ಬಂದವನೊಬ್ಬನ ಕೇಸಿನ ತೀರ್ಪು ಓದಿದರೆ ಹೊಟ್ಟೆ ತೊಳಸುತ್ತೆ. 1967ರಿಂದಲೇ ಕ್ಯೂಬಾ ಸರ್ಕಾರ ಅವನ ಹೆಸರಲ್ಲಿ ಫೈಲು ತೆರೆದಿತ್ತು. ಎರಡು ಮೂರು ತಿಂಗಳಿಗೊಮ್ಮೆ ನೋಟೀಸು, ವೈದ್ಯಕೀಯ ತಪಾಸಣೆ, ಯಾರ ಜೊತೆ ಮಲಗ್ತೀಯ ಅನ್ನೋ ಪ್ರಶ್ನೆ. ಎಷ್ಟೋ ಸಲ ಸುಮ್ಮಸುಮ್ಮನೆ ಮೂರು ನಾಲ್ಕು ದಿನ ಲಾಕಪ್. ಒಮ್ಮೆ ಕೆಲಸ ತಪ್ಪಿಸಿದ್ದಕ್ಕೆ 60 ದಿನ ಬಲವಂತದ ದುಡಿಮೆಯ ಶಿಬಿರ. ಕೊನೆಗೆ 1980ರಲ್ಲಿ ದೇಶ ಬಿಡು, ಇಲ್ಲಾ ನಾಲ್ಕು ವರ್ಷ ಜೈಲು ಅಂದರು. ಹೊರಡುವ ದಿನ ಊರವರು ಮೊಟ್ಟೆ, ಟೊಮೇಟೊ ಎಸೆದರು. ಗಲಾಟೆ ತಾಳಲಾರದೆ ಅಧಿಕಾರಿಗಳು ಮಧ್ಯಾಹ್ನದ ಪ್ರಯಾಣವನ್ನು ರಾತ್ರಿ ಎರಡು ಗಂಟೆಗೆ ಬದಲಿಸಿದರಂತೆ.

1986ರಲ್ಲಿ ವಲಸೆ ನ್ಯಾಯಾಧೀಶರು ಇವನನ್ನು ವಾಪಸ್ ಕಳಿಸಬಾರದು ಅಂದರು. ವಲಸೆ ಇಲಾಖೆ ಬಿಡಲಿಲ್ಲ, ಮೇಲ್ಮನವಿ ಹಾಕಿತು. ಸಮಾಜ ಒಪ್ಪದ ನಡತೆಗೆಲ್ಲ ರಕ್ಷಣೆ ಕೊಡೋಕಾಗುತ್ತಾ, ಇವರದ್ದೂ ಒಂದು 'ಸಾಮಾಜಿಕ ಗುಂಪಾ' ಅಂತ ಅದರ ವಾದ. 1990ರ ಮಾರ್ಚ್‌ನಲ್ಲಿ ವಲಸೆ ಮೇಲ್ಮನವಿ ಮಂಡಳಿ ಅದನ್ನು ತಳ್ಳಿಹಾಕಿತು. ಕ್ಯೂಬಾ ಅವನನ್ನು ಶಿಕ್ಷಿಸಿದ್ದು ಏನೋ ಮಾಡಿದ್ದಕ್ಕಲ್ಲ, ಅವನು ಸಲಿಂಗಕಾಮಿ ಆಗಿದ್ದಕ್ಕೇ ಅಂತ ಗುರುತಿಸಿತು. ನನಗೆ ಇಡೀ ತೀರ್ಪಿನಲ್ಲಿ ದೊಡ್ಡದು ಅನ್ನಿಸಿದ್ದು ಇದೇ.

ನೋಡಿ, ಆ ದಿನಕ್ಕೂ ಅಮೆರಿಕದ ಆ ಹಳೇ ನಿಷೇಧ ಜಾರಿಯಲ್ಲೇ ಇತ್ತು! ಅದನ್ನು ತೆಗೆದ ಕಾಯ್ದೆಗೆ ಸಹಿ ಬಿದ್ದದ್ದು ಅದೇ ವರ್ಷದ ನವೆಂಬರ್‌ನಲ್ಲಿ. 1994ರ ಜೂನ್‌ನಲ್ಲಿ ಅಟಾರ್ನಿ ಜನರಲ್ ಜಾನೆಟ್ ರೀನೊ ಈ ತೀರ್ಪನ್ನು ಎಲ್ಲಾ ವಲಸೆ ನ್ಯಾಯಾಧೀಶರೂ ಪಾಲಿಸಬೇಕಾದ ಪೂರ್ವನಿದರ್ಶನ ಅಂತ ಘೋಷಿಸಿದರು. ಆಮೇಲೆ ಬೇರೆ ಬೇರೆ ದೇಶಗಳಿಂದ ಬಂದವರು ಇದನ್ನೇ ಹಿಡಿದು ಆಶ್ರಯ ಪಡೆದರು.

ಅವನಿಗೆ ಮಾತ್ರ ಪೂರ್ತಿ ಆಶ್ರಯ ಸಿಗಲಿಲ್ಲ. ಅಮೆರಿಕದಲ್ಲಿ ಮಾದಕ ವಸ್ತುವಿನ ಕೇಸೊಂದಿತ್ತು. ಕ್ಯೂಬಾಕ್ಕೆ ಕಳಿಸೋದಿಲ್ಲ ಅನ್ನುವಷ್ಟಕ್ಕೇ ನಿಲ್ಲಿಸಿದರು.