ಹಳೆ ಮದ್ರಾಸ್ ರಸ್ತೆಯ ಅಪ್ರೆಂಟಿಸುಗಳು

ಬೆಂಗಳೂರಿನ ಪೂರ್ವ ದಿಕ್ಕಿನವರಿಗೆ ಐ.ಟಿ.ಐ. ಅಂದರೆ ಎರಡು ಅರ್ಥ. ಒಂದು, ಎಸ್.ಎಸ್.ಎಲ್.ಸಿ. ಆದಮೇಲೆ ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಅಂತ ಕಲಿಯುವ ಕೈಗಾರಿಕಾ ತರಬೇತಿ ಸಂಸ್ಥೆ. ಇನ್ನೊಂದು, ಕೆ.ಆರ್. ಪುರದ ಪಕ್ಕದ ದೂರವಾಣಿನಗರದಲ್ಲಿರುವ ಟೆಲಿಫೋನ್ ಕಾರ್ಖಾನೆ. ಹಾಗಾಗಿ ನಮ್ಮ ಹೊಸಕೋಟೆಯ ಹಿರಿಯರು ಯಾರಾದರೂ "ನಮ್ ಹುಡ್ಗ ಐ.ಟಿ.ಐ. ಮುಗಿಸಿ ಐ.ಟಿ.ಐ.ನಲ್ಲಿ ಅಪ್ರೆಂಟಿಸ್ ಮಾಡ್ದ" ಅಂದರೆ ಹೊರಗಿನವರಿಗೆ ತಲೆಬುಡ ತಿಳಿಯೋದಿಲ್ಲ :-)

ಈ 'ಅಪ್ರೆಂಟಿಸ್' ಅನ್ನೋ ಪದದ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ. ಹದಿನಾರು, ಹದಿನೇಳು ವಯಸ್ಸಿನ ಹುಡುಗ ಕಾರ್ಖಾನೆಯ ಗೇಟಿನೊಳಗೆ ಹೋಗಿ ಕೆಲಸ ಕಲಿತರೆ ಅವನು ವಿದ್ಯಾರ್ಥಿಯೋ, ಕಾರ್ಮಿಕನೋ? ಕಲಿತಾದ ಮೇಲೆ ಮುಂದೇನು? ನಮ್ಮ ಕಡೆ ಈ ಎರಡು ಪ್ರಶ್ನೆಗಳಿಗೆ ಎಂಬತ್ತು ವರ್ಷದಿಂದ ಉತ್ತರ ಬದಲಾಗುತ್ತಲೇ ಇದೆ. ಆ ಉತ್ತರಗಳು ಹೆಚ್ಚುಕಮ್ಮಿ ಒಂದೇ ರಸ್ತೆಯ ಮೇಲೆ ಸಿಗುತ್ತವೆ: ಹಲಸೂರಿನಿಂದ ಹೊಸಕೋಟೆ ದಾಟಿ ನರಸಾಪುರ, ಕೋಲಾರದ ಕಡೆ ಹೋಗುವ ಹಳೆ ಮದ್ರಾಸ್ ರಸ್ತೆ.

ಆದರೆ ಶುರುವಾಗೋದು ಕೆ.ಆರ್. ಸರ್ಕಲ್ಲಿನಿಂದ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1917ರಲ್ಲಿ ಅಲ್ಲಿ ಇಂಜಿನಿಯರಿಂಗ್ ಕಾಲೇಜು ಶುರುವಾಯಿತು. ಅದು ಎಲ್ಲರಿಗೂ ಗೊತ್ತು, ಪ್ರತಿ ಸೆಪ್ಟೆಂಬರ್ 15ಕ್ಕೆ ನಾವು ಇಂಜಿನಿಯರುಗಳು ಒಬ್ಬರಿಗೊಬ್ಬರು ಶುಭಾಶಯ ಹೇಳಿಕೊಂಡು ಬೀಗುತ್ತೇವೆ. ಅದೇ ವಿಶ್ವೇಶ್ವರಯ್ಯನವರು ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆ ತಮಗೆ ಬರಬೇಕಿದ್ದ ಹಣವನ್ನು ಸ್ವಂತಕ್ಕೆ ಇಟ್ಟುಕೊಳ್ಳದೆ, ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆ ಕಟ್ಟಲು ಬಿಟ್ಟುಕೊಟ್ಟರು ಅನ್ನೋದು ಅಷ್ಟಾಗಿ ಯಾರಿಗೂ ನೆನಪಿಲ್ಲ. 1943ರಲ್ಲಿ ಶುರುವಾದ ಆ ಸಂಸ್ಥೆಗೆ ತಮ್ಮ ಹೆಸರು ಬೇಡ ಅಂದರು. ಮಹಾರಾಜರ ಹೆಸರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಆಯಿತು. ಈಗ ಎಲ್ಲರೂ ಎಸ್.ಜೆ. ಪಾಲಿಟೆಕ್ನಿಕ್ ಅನ್ನುತ್ತಾರೆ. 'ಆಕ್ಯುಪೇಷನಲ್' ಅನ್ನೋ ಹೆಸರು ಹೋಗಿ 'ಪಾಲಿಟೆಕ್ನಿಕ್' ಬಂದಿದ್ದೇ ಒಂದು ಕಥೆ ಅನ್ನಿಸುತ್ತೆ ನನಗೆ. ಕಸುಬಿಗಿಂತ ಡಿಪ್ಲೊಮಾಕ್ಕೆ ಮರ್ಯಾದೆ ಜಾಸ್ತಿ.

ಸ್ವಾತಂತ್ರ್ಯ ಬಂದ ಮೇಲೆ ನಮ್ಮ ರಸ್ತೆ ತುಂಬಿಕೊಂಡಿತು. 1948ರಲ್ಲಿ ದೂರವಾಣಿನಗರದ ಐ.ಟಿ.ಐ. ಆಮೇಲೆ 1956ರ ಹೊತ್ತಿಗೆ ಬೈಯಪ್ಪನಹಳ್ಳಿಯಲ್ಲಿ ಜರ್ಮನಿಯ ಎ.ಇ.ಜಿ. ಕಂಪನಿಯ ಸಹಯೋಗದ ಎನ್.ಜಿ.ಇ.ಎಫ್. ಊರಿನ ಬೇರೆ ಕಡೆ 1953ರಲ್ಲಿ ಸ್ವಿಟ್ಜರ್ಲೆಂಡಿನ ಒರ್ಲಿಕಾನ್ ನೆರವಿನಿಂದ ಎಚ್.ಎಂ.ಟಿ., ಮಾರನೇ ವರ್ಷ ಬಿ.ಇ.ಎಲ್. ಇಷ್ಟು ಕಾರ್ಖಾನೆಗಳಿಗೆ ಕೈ ಪಳಗಿದ ಜನ ಎಲ್ಲಿಂದ ಬರಬೇಕು? ಭಾರತ ಸರ್ಕಾರ 1950ರಲ್ಲಿ ಐ.ಟಿ.ಐ.ಗಳ ಯೋಜನೆ ಶುರು ಮಾಡಿತ್ತು, ಆದರೆ ಕ್ಲಾಸಿನಲ್ಲಿ ಕಲಿತ ಹುಡುಗನಿಗೆ ನಿಜವಾದ ಶಾಪ್ ಫ್ಲೋರ್ ಬೇರೆಯೇ ಲೋಕ. ಆ ಅಂತರ ತುಂಬಲಿಕ್ಕೆ ಬಂದಿದ್ದು 1961ರ ಅಪ್ರೆಂಟಿಸಸ್ ಕಾಯ್ದೆ.

ಕಾನೂನು ಓದೋದು ನನ್ನ ಕೆಲಸ ಅಲ್ಲ, ಕೋಡು ಓದೋದು. ಆದರೂ ಹೇಳ್ತೀನಿ, ಈ ಕಾಯ್ದೆ ಓದಲಿಕ್ಕೆ ಕುತೂಹಲ ಹುಟ್ಟಿಸುತ್ತೆ. ಕನಿಷ್ಠ ವಯಸ್ಸು 14. ಹುಡುಗ ಅಪ್ರಾಪ್ತನಾದರೆ ಕಾರ್ಖಾನೆಯ ಜೊತೆ ಒಪ್ಪಂದಕ್ಕೆ ಸಹಿ ಹಾಕಬೇಕಾದವರು ಅಪ್ಪ ಅಥವಾ ಪೋಷಕರು. 18ನೇ ಸೆಕ್ಷನ್ ಹೇಳುತ್ತೆ: ಅಪ್ರೆಂಟಿಸ್ ಅಂದರೆ ತರಬೇತಿ ಪಡೆಯುವವನು, ಕಾರ್ಮಿಕ ಅಲ್ಲ, ಕಾರ್ಮಿಕ ಕಾನೂನುಗಳು ಅವನಿಗೆ ಅನ್ವಯಿಸುವುದಿಲ್ಲ. ಅಯ್ಯೋ, ಇದು ಮೋಸ ಅಲ್ಲವಾ ಅಂತ ಅನ್ನಿಸಬಹುದು. ಆದರೆ ಅದೇ ಕಾಯ್ದೆಯ ಇನ್ನೊಂದು ಕಡೆ, ಆರೋಗ್ಯ ಮತ್ತು ಸುರಕ್ಷತೆಯ ವಿಷಯಕ್ಕೆ ಬಂದರೆ ಕಾರ್ಮಿಕನಿಗೆ ಏನುಂಟೋ ಅದೆಲ್ಲ ಇವನಿಗೂ ಉಂಟು, ಕೈಗೆ ಪೆಟ್ಟಾದರೆ ಪರಿಹಾರವೂ ಉಂಟು ಅಂತಿದೆ. ಓವರ್‌ಟೈಮ್ ಮಾಡಿಸಬೇಕಾದರೆ ಅಪ್ರೆಂಟಿಸ್‌ಶಿಪ್ ಸಲಹೆಗಾರ ಅನ್ನೋ ಸರ್ಕಾರಿ ಅಧಿಕಾರಿಯ ಒಪ್ಪಿಗೆ ಬೇಕು. ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು 13ನೇ ಸೆಕ್ಷನ್: ಎಷ್ಟು ಪೀಸು ಮಾಡಿದೆ ಅನ್ನೋ ಲೆಕ್ಕದ ಮೇಲೆ ಅಪ್ರೆಂಟಿಸಿಗೆ ದುಡ್ಡು ಕೊಡಬಾರದು, ಉತ್ಪಾದನೆಯ ಬೋನಸ್ ಸ್ಕೀಮಿಗೂ ಅವನನ್ನು ಎಳೆಯಬಾರದು. ಅಂದರೆ ಕಲಿಯುವವನು ನಿಧಾನವಾಗಿ ಮಾಡಬಹುದು, ಕೆಡಿಸಬಹುದು, ಮತ್ತೆ ಮಾಡಬಹುದು. ಹಾಗೆ ಮಾಡೋದು ಅವನ ಹಕ್ಕು.

ನಮ್ಮ ದೊಡ್ಡಪ್ಪ 1970ರ ದಶಕದ ಮೊದಲಲ್ಲಿ ಈ ರಸ್ತೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿದ್ದವರು. ಕೇಳಿದರೆ ಹೇಳುತ್ತಾರೆ: "ಮೊದ್ಲು ಎಷ್ಟೋ ತಿಂಗ್ಳು ಬರೀ ಅರ ಉಜ್ಜೋದೇ ಕಣೋ. ಒಂದು ಕಬ್ಣದ ತುಂಡು ಕೊಡೋರು. ಆರೂ ಮುಖ ಚೌಕ ಬರ್ಬೇಕು. ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡ್ದು ನೋಡೋರು, ಸಂದಿಯಲ್ಲಿ ಬೆಳಕು ಕಂಡ್ರೆ ತಿರ್ಗಾ ಉಜ್ಜು." ಆ ತುಂಡಿನಿಂದ ಏನು ತಯಾರಾಗುತ್ತಿತ್ತು ಅಂದೆ. "ಏನೂ ಇಲ್ಲ. ಕೊನೆಗೆ ಸ್ಕ್ರ್ಯಾಪು."

ನಾನು ಇಂಜಿನಿಯರಿಂಗ್ ಮೊದಲ ವರ್ಷದ ವರ್ಕ್‌ಶಾಪ್ ಲ್ಯಾಬಿನಲ್ಲಿ ಇದೇ ಅರ ಹಿಡಿದಿದ್ದೆ. ನಾಲ್ಕೈದು ಮಧ್ಯಾಹ್ನದಲ್ಲಿ ಮುಗಿಯಿತು, ಆಮೇಲೆ ಕೀಬೋರ್ಡು. ದೊಡ್ಡಪ್ಪನಿಗೆ ತಿಂಗಳುಗಟ್ಟಲೆ ಉಜ್ಜುವ ತಾಳ್ಮೆ ಎಲ್ಲಿಂದ ಬಂತು ಅಂತ ಆಶ್ಚರ್ಯಪಟ್ಟರೆ ಅವರಿಗೇ ನಗು. ಬೆಳಿಗ್ಗೆ ಬಸ್ಸಿಳಿದರೆ ಕಾರ್ಖಾನೆ, ಕ್ವಾರ್ಟರ್ಸು, ಅಲ್ಲಿನ ಶಾಲೆ, ಆಸ್ಪತ್ರೆ, ಸಂಜೆ ಸೈರನ್ ಆದಾಗ ಹೊರಬರುವ ಸೈಕಲ್ಲುಗಳ ಸಾಲು. ಎಲ್ಲಾ ಕಣ್ಣೆದುರಿಗೆ. ಇವತ್ತು ಕಾಲೇಜುಗಳಲ್ಲಿ ಸಾಫ್ಟ್ ಸ್ಕಿಲ್ಸ್ ತರಬೇತುದಾರರು ಬಂದು ಪ್ರೊಜೆಕ್ಟರ್ ಹಚ್ಚಿ 'ಗುರಿ ಇಟ್ಟುಕೊಳ್ಳುವುದು ಹೇಗೆ' ಅಂತ ಪಾಠ ಮಾಡುತ್ತಾರಲ್ಲ, ಆ ಪಾಠ ಆಗಿನ ಹುಡುಗರಿಗೆ ಬೇಕಿರಲಿಲ್ಲ. ಗುರಿ ಅನ್ನೋದು ನಾಲ್ಕು ಬೆಂಚು ಆಚೆ ನಿಂತು ಲೇತ್ ಓಡಿಸುತ್ತಿತ್ತು.

ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಆಗಿನ ಕಾಲ ಚೆನ್ನಾಗಿತ್ತು ಅಂತ ಹಾಡಿ ಹೊಗಳುವವರು ಇದನ್ನು ಮರೆಯುತ್ತಾರೆ. ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ತರಬೇತಿ ಮುಗಿಸಿದವನಿಗೆ ಕೆಲಸ ಕೊಡಲೇಬೇಕು ಅಂತ ಮಾಲೀಕನಿಗೆ ಕಟ್ಟುಪಾಡು ಇಲ್ಲ. ಆಗಲೂ ಇರಲಿಲ್ಲ! ಕಾರ್ಖಾನೆಗಳು ಬೆಳೆಯುತ್ತಿದ್ದವು, ಜನ ಬೇಕಿತ್ತು, ತೆಗೆದುಕೊಂಡರು, ಅಷ್ಟೇ. ಬೆಳೆಯೋದು ನಿಂತ ಮೇಲೆ ಆ ಸೆಕ್ಷನ್ನಿನ ನಿಜವಾದ ಅರ್ಥ ಗೊತ್ತಾಯಿತು. ಉತ್ತರ ಪ್ರದೇಶದ ಸಾರಿಗೆ ನಿಗಮದ ಅಪ್ರೆಂಟಿಸುಗಳು ಕೋರ್ಟಿಗೆ ಹೋಗಿ, 1995ರಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತು: ಉಳಿದೆಲ್ಲ ಸಮನಾಗಿದ್ದರೆ ಹೊರಗಿನವರಿಗಿಂತ ತರಬೇತಿ ಪಡೆದ ಅಪ್ರೆಂಟಿಸಿಗೆ ಆದ್ಯತೆ ಕೊಡಿ. ಆದ್ಯತೆ, ಕೆಲಸ ಅಲ್ಲ. ಅಷ್ಟರಲ್ಲಿ ನಮ್ಮ ರಸ್ತೆಯಲ್ಲಿ ಆದ್ಯತೆ ಕೊಡಲು ಕೆಲಸವೇ ಕಮ್ಮಿಯಾಗುತ್ತಿತ್ತು. ದೂರಸಂಪರ್ಕ ಖಾಸಗಿಯವರಿಗೆ ತೆರೆದ ಮೇಲೆ ಐ.ಟಿ.ಐ. ಸೊರಗಿತು. ಎನ್.ಜಿ.ಇ.ಎಫ್. 2000ರ ದಶಕದ ಆರಂಭದಲ್ಲಿ ಬಾಗಿಲು ಹಾಕಿತು. 2011ರಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ಮೆಟ್ರೋ ಓಡಿದಾಗ ಆ ಕಡೆ ಹೋದ ಹುಡುಗರಲ್ಲಿ ಎಷ್ಟೋ ಮಂದಿಗೆ ಪಕ್ಕದಲ್ಲಿ ಟ್ರಾನ್ಸ್‌ಫಾರ್ಮರ್ ತಯಾರಾಗುತ್ತಿತ್ತು ಅನ್ನೋದೇ ಗೊತ್ತಿರಲಿಲ್ಲ.

ಶಾಲೆಗಳ ಕಡೆಯಿಂದಲೂ ಪ್ರಯತ್ನ ನಡೆಯದೆ ಇರಲಿಲ್ಲ. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಮುಂದಿಟ್ಟ ಮೂಲಶಿಕ್ಷಣದಲ್ಲಿ ಮಕ್ಕಳು ಕಸುಬಿನ ಮೂಲಕವೇ ಕಲಿಯಬೇಕು, ಅವರು ಮಾಡಿದ್ದನ್ನು ಮಾರಿ ಶಾಲೆ ನಡೆಯಬೇಕು ಅನ್ನೋ ಯೋಚನೆ ಇತ್ತು; ಹಾಗಾದರೆ ಮಕ್ಕಳು ಕೂಲಿಗಳಾಗುತ್ತಾರೆ ಅಂತ ಆಗಲೇ ಆಕ್ಷೇಪವೂ ಬಂತು. 1964-66ರ ಕೊಠಾರಿ ಆಯೋಗ 'ಕಾರ್ಯಾನುಭವ' ಅಂದಿತು. ಅದು ಕೊನೆಗೆ ಎಸ್.ಯು.ಪಿ.ಡಬ್ಲ್ಯು. ಆಗಿ, 'ಸಮ್ ಯೂಸ್‌ಫುಲ್ ಪೀರಿಯಡ್ ವೇಸ್ಟೆಡ್' ಅನ್ನೋ ಹಳೇ ಜೋಕಾಗಿ ಉಳಿಯಿತು. ನಮ್ಮ ರಾಜ್ಯದಲ್ಲಿ ಗಟ್ಟಿಯಾಗಿ ನಡೆದದ್ದು ಪಿ.ಯು. ಮಟ್ಟದ ಜೆ.ಒ.ಸಿ., ಅಂದರೆ ಉದ್ಯೋಗಾಧಾರಿತ ಕೋರ್ಸು. 1970ರ ದಶಕದ ಕೊನೆಯಲ್ಲಿ ಶುರುವಾಗಿ ಮೂವತ್ತು ವರ್ಷದ ಮೇಲೆ ನಡೆದು 2010ರ ಆಸುಪಾಸಿನಲ್ಲಿ ಮುಗಿಯಿತು. ಅಲ್ಲಿ ಪಾಠ ಮಾಡುತ್ತಿದ್ದ ಅರೆಕಾಲಿಕ ನೌಕರರನ್ನು ಸರ್ಕಾರಿ ಸೇವೆಗೆ ಸೇರಿಸಿಕೊಳ್ಳಲು 2011ರಲ್ಲಿ ವಿಶೇಷ ಕಾಯ್ದೆಯೇ ಬಂತು. ಒಳ್ಳೆಯದೇ, ಅವರೂ ಬದುಕಬೇಕು. ಕಲಿತ ಹುಡುಗರಿಗೆ ಮಾತ್ರ ಅಂಥ ಯಾವ ಕಾಯ್ದೆಯೂ ಬರಲಿಲ್ಲ.

'ಕೆಲಸ ಕಲಿಸ್ತೀವಿ' ಅನ್ನೋ ಮಾತಿಗೆ ಇನ್ನೊಂದು ಕರಾಳ ಮುಖವೂ ಇತ್ತು. ರಾಮನಗರ, ಮಾಗಡಿ ಕಡೆ ರೇಷ್ಮೆ ನೂಲು ತೆಗೆಯುವ ಮನೆಗಳಲ್ಲಿ ಮುಂಗಡ ಸಾಲಕ್ಕೆ ಬಂದ ಸಣ್ಣ ಮಕ್ಕಳು ಕುದಿಯುವ ನೀರಿನಲ್ಲಿ ಬೆರಳು ಅದ್ದಿ ಗೂಡು ಬಿಡಿಸುತ್ತಿದ್ದರು. ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ಇದರ ಬಗ್ಗೆ ವರದಿ ಮಾಡಿತು. ಅವರೂ ಕಸುಬು ಕಲಿಯುತ್ತಿದ್ದವರೇ ಅಂತ ಹೇಳೋರಿದ್ದರು. ಒಪ್ಪಂದ ಇಲ್ಲ, ಅವಧಿ ಇಲ್ಲ, ಹೊರಗೆ ಬರುವ ದಿನ ಇಲ್ಲ. 13ನೇ ಸೆಕ್ಷನ್ನಿನ ಬೆಲೆ ಗೊತ್ತಾಗೋದು ಇಂಥದ್ದನ್ನು ಪಕ್ಕದಲ್ಲಿಟ್ಟು ನೋಡಿದಾಗ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಅದೇ ರಾಮನಗರದ ಬಗಲಲ್ಲೇ ಇದೆ. ಬಿಡದಿಯಲ್ಲಿ ಟೊಯೋಟಾ ಕಂಪನಿ 2007ರಲ್ಲಿ ಒಂದು ತರಬೇತಿ ಸಂಸ್ಥೆ ತೆರೆಯಿತು. ಹಳ್ಳಿಗಳ ಬಡಮನೆಯ, ಹತ್ತನೇ ತರಗತಿ ಮುಗಿಸಿದ ಹುಡುಗರು. ಅಲ್ಲೇ ಊಟ, ಅಲ್ಲೇ ವಾಸ, ಮೂರು ವರ್ಷ. ಶುರುವಿನಲ್ಲಿ ವರ್ಷಕ್ಕೆ 64 ಮಂದಿ. ವೆಲ್ಡಿಂಗು, ಪೇಂಟು, ಅಸೆಂಬ್ಲಿ, ಮೆಕಾಟ್ರಾನಿಕ್ಸು. ವಿಶೇಷ ಏನಪ್ಪಾ ಅಂದರೆ ಪಠ್ಯಕ್ರಮದ ಅರ್ಧ ಪಾಲು ದೇಹ ಮತ್ತು ಮನಸ್ಸಿಗೆ ಮೀಸಲು. ಓಟ, ಶಿಸ್ತು, ತಾನು ಕೂತ ಜಾಗ ತಾನೇ ಗುಡಿಸೋದು, ಹೇಳಿದ ಹೊತ್ತಿಗೆ ಬರೋದು. ಪುಸ್ತಕದ ಜ್ಞಾನಕ್ಕೆ ಸಿಗೋದು ಎಲ್ಲಕ್ಕಿಂತ ಸಣ್ಣ ಪಾಲು. ಕಾರ್ಖಾನೆಗೆ ಬೇಕಾದ ಅಚ್ಚಿಗೆ ಹುಡುಗರನ್ನು ಎರಕ ಹೊಯ್ಯೋದು ಇದು ಅಂತ ಯಾರಾದರೂ ಟೀಕೆ ಮಾಡಿದರೆ ಪೂರ್ತಿ ಅಲ್ಲಗಳೆಯಲಾರೆ. ಆದರೂ ಮೂರು ವರ್ಷ ಒಬ್ಬ ಹುಡುಗನ ಮೇಲೆ ಖರ್ಚು ಮಾಡಿದವರು ಅವನನ್ನು ಸುಲಭಕ್ಕೆ ಬಿಸಾಡೋದಿಲ್ಲ. ನನ್ನ ಒಲವು ಆ ಕಡೆಗೇ. ಕೊರಗು ಒಂದೇ: 64 ಅನ್ನೋದು ಒಂದು ಊರಿನ ಒಂದು ಹೈಸ್ಕೂಲಿಗೆ ಸಾಕಾಗುವ ಸಂಖ್ಯೆ.

ಮತ್ತೆ ನಮ್ಮ ರಸ್ತೆಗೆ ಬರೋಣ. ಹೊಸಕೋಟೆ ಅಂದರೆ ಈಗ ಬೆಂಗಳೂರಿನವರಿಗೆ ಬೆಳಗಿನ ಜಾವದ ದಮ್ ಬಿರಿಯಾನಿ ಅಷ್ಟೇ ನೆನಪಾಗುತ್ತೆ, ಆದರೆ 1998ರಲ್ಲಿ ವೋಲ್ವೋ ಲಾರಿ ಕಾರ್ಖಾನೆ ಬಂದಿದ್ದು ಇಲ್ಲಿಗೇ. ಆಮೇಲೆ ಮುಂದಿನ ನರಸಾಪುರದಲ್ಲಿ 2013ರಲ್ಲಿ ಹೊಂಡಾ, ಅದಾದ ಮೇಲೆ ಐಫೋನ್ ಜೋಡಿಸುವ ವಿಸ್ಟ್ರಾನ್. ದೊಡ್ಡಪ್ಪನ ಕಾಲದಲ್ಲಿ ಹುಡುಗರು ಪಶ್ಚಿಮಕ್ಕೆ, ಬೆಂಗಳೂರಿನ ಕಡೆ ಹೋಗುತ್ತಿದ್ದರು. ಈಗ ಕಂಪನಿ ಬಸ್ಸುಗಳು ಪೂರ್ವಕ್ಕೂ ಹೋಗುತ್ತವೆ. 2020ರ ಡಿಸೆಂಬರ್ 12ರಂದು ವಿಸ್ಟ್ರಾನ್‌ನಲ್ಲಿ ಗಾಜು ಒಡೆದು ಗಲಾಟೆಯಾದಾಗ ದೇಶವೆಲ್ಲ ನೋಡಿತು. ಅಲ್ಲಿದ್ದವರು ಬಹುಪಾಲು ಗುತ್ತಿಗೆಯ ಎಳೆಯರು, ಸಂಬಳ ಸರಿಯಾಗಿ ಬಂದಿರಲಿಲ್ಲ. ಒಡೆದಿದ್ದು ಸರಿ ಅಂತ ನಾನು ಹೇಳೋದಿಲ್ಲ. ಆದರೆ ಸರ್ಕಾರದ ತಪಾಸಣೆಯಲ್ಲೂ ಲೋಪಗಳು ಸಿಕ್ಕವು, ಆಪಲ್ ಕಂಪನಿ ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡೋದನ್ನೂ ತಡೆಹಿಡಿಯಿತು. 2023ರಲ್ಲಿ ಆ ಕಾರ್ಖಾನೆ ಟಾಟಾದವರ ಕೈಗೆ ಹೋಯಿತು.

ಅಪ್ರೆಂಟಿಸ್ ಕಾಯ್ದೆಯೂ ಅಷ್ಟರಲ್ಲಿ ಬದಲಾಗಿತ್ತು. 2014ರ ತಿದ್ದುಪಡಿಯಲ್ಲಿ ನಿಯಮ ಮುರಿದ ಮಾಲೀಕರಿಗಿದ್ದ ಜೈಲು ಶಿಕ್ಷೆ ಹೋಗಿ ಬರೀ ದಂಡ ಉಳಿಯಿತು. 22ನೇ ಸೆಕ್ಷನ್, ಅಪ್ರೆಂಟಿಸುಗಳನ್ನು ಕೆಲಸಕ್ಕೆ ತೆಗೆದುಕೊಳ್ಳುವ ಬಗ್ಗೆ ಮಾಲೀಕರು ತಮ್ಮದೇ ನೀತಿ ಮಾಡಿಕೊಳ್ಳಲಿ ಅಂತಾಯಿತು. 2016ರಿಂದ ಸ್ಟೈಪೆಂಡಿನ ನಾಲ್ಕನೇ ಒಂದು ಭಾಗ, ತಿಂಗಳಿಗೆ 1,500 ರೂಪಾಯಿವರೆಗೆ, ಕೇಂದ್ರ ಸರ್ಕಾರ ಹಂಚಿಕೊಳ್ಳುವ ಯೋಜನೆ ಬಂತು. 2019ರಲ್ಲಿ ಕನಿಷ್ಠ ಸ್ಟೈಪೆಂಡು ಕಲಿತದ್ದಕ್ಕೆ ತಕ್ಕಂತೆ 5,000ದಿಂದ 9,000 ರೂಪಾಯಿ ಅಂತ ನಿಗದಿಯಾಯಿತು. 13ನೇ ಸೆಕ್ಷನ್ನಿನ ಪೀಸ್ ಲೆಕ್ಕದ ನಿಷೇಧ ಹಾಗೇ ಇದೆ. ಆದರೆ ಗುತ್ತಿಗೆಯಲ್ಲಿ ಹೋಗುವ ಹುಡುಗ ಅಪ್ರೆಂಟಿಸ್ ಅಲ್ಲ, ಅವನಿಗೆ ಆ ರಕ್ಷಣೆ ಇಲ್ಲ. ಅವನು ಕಲಿಯಲಿ ಅಂತ ಯಾರೂ ಅವನನ್ನು ಕರೆದಿರುವುದೂ ಇಲ್ಲ.

ನಮ್ಮ ಬೀದಿಯ ಹುಡುಗನೊಬ್ಬ ಪಿ.ಯು. ಮುಗಿಸಿ ಹಾಗೆ ಹೋಗುತ್ತಿದ್ದಾನೆ. ಏನು ಕೆಲಸ ಅಂದೆ. ಲೈನಿನಲ್ಲಿ ನಿಂತು ಒಂದೇ ಜಾಗಕ್ಕೆ ಒಂದೇ ಸ್ಕ್ರೂ ಹಾಕೋದು, ಪಕ್ಕದ ಬೋರ್ಡಿನಲ್ಲಿ ಇವತ್ತಿನ ಟಾರ್ಗೆಟ್ಟು ಬರುತ್ತಿರುತ್ತದಂತೆ. ಆರು ತಿಂಗಳಲ್ಲಿ ಬೇರೆ ಏನಾದರೂ ಕಲಿಸಿದರಾ ಅಂದರೆ ಇಲ್ಲ ಅಂತ ತಲೆಯಾಡಿಸಿದ. ಗುತ್ತಿಗೆ ಮುಗಿದ ಮೇಲೆ? "ಇನ್ನೊಂದು ಕಂಪನಿ ಅಣ್ಣ, ವೇಮಗಲ್ ಕಡೆ ತಗೋತಾರಂತೆ." ಅಷ್ಟು ಹೇಳಿ ಗಡಿಯಾರ ನೋಡಿಕೊಂಡ, ಬಸ್ಸಿನ ಹೊತ್ತಾಗಿತ್ತು.